ಬಾಡಿಗೆ ಮನೆಯ ಗೋಡೆ ಒಸರಿದರೆ ಖರ್ಚು ಯಾರ ತಲೆಗೆ?

ತೇವ ಸ್ವಿಚ್ ಬೋರ್ಡಿನ ಹತ್ತಿರ ಬಂದಿದ್ದರೆ ಮೊದಲು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ. ಪೈಪಿನ ನೀರಾದರೆ ಅದನ್ನು ನಿಲ್ಲಿಸಲು ಗೋಡೆಯಲ್ಲಿರುವ ಪುಟ್ಟ ನಲ್ಲಿ, ಅಂದರೆ ಆ್ಯಂಗಲ್ ಕಾಕ್ ತಿರುಗಿಸಿ. ವರ್ಷಗಟ್ಟಲೆ ಮುಟ್ಟದೆ ಅದು ಬಿಗಿದುಕೊಂಡಿದ್ದರೆ ತಾರಸಿಗೆ ಹೋಗಿ ಟ್ಯಾಂಕಿನ ವಾಲ್ವ್ ಮುಚ್ಚಿ. ನೆಲ ಒರೆಸುವ ಮುನ್ನವೇ ಫೋಟೊ, ವಿಡಿಯೊ ತೆಗೆದುಕೊಳ್ಳಿ.

ಖರ್ಚು ಯಾರದೆಂಬ ಮಾತು ನಿಲ್ಲುವುದು ನೀರು ಬಂದ ದಾರಿಯ ಮೇಲೆ. ಅದನ್ನು ಪ್ಲಂಬರ್ ಬರುವ ಮೊದಲೇ ಬಹುಮಟ್ಟಿಗೆ ಪತ್ತೆ ಮಾಡಬಹುದು. ಎಲ್ಲ ನಲ್ಲಿ ಮುಚ್ಚಿ ಮೀಟರ್ ಅಂಕಿ ಬರೆದಿಟ್ಟು ಎರಡು ಗಂಟೆ ಬಿಟ್ಟು ನೋಡಿ; ಅಂಕಿ ಓಡಿದ್ದರೆ ಎಲ್ಲೋ ಪೈಪ್ ಸೋರುತ್ತಿದೆ. ಆದರೆ ಸಂಪು ತುಂಬಿದಾಗ ನೀರು ನಿಲ್ಲಿಸುವ ತೇಲುಚೆಂಡಿನ ವಾಲ್ವ್ (ಬಾಲ್ ಕಾಕ್) ನೀರು ಬಿಡುತ್ತಿದ್ದರೂ ಮೀಟರ್ ಓಡುತ್ತದೆ, ಹಾಗಾಗಿ ಸಂಪು ತುಂಬಿ ನಿಂತಿರುವಾಗ ನೋಡಿ. ಮೀಟರ್ ಇಲ್ಲದ ಬೋರ್‌ವೆಲ್ ಮನೆಯಲ್ಲಿ ರಾತ್ರಿ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ಹೋಲಿಸಿ. ಬಚ್ಚಲಿನ ಮೇಲೆ ಸಂಶಯವಿದ್ದರೆ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಒಂದಂಗುಲ ನೀರು ನಿಲ್ಲಿಸಿ, 24 ಗಂಟೆ ಆದಮೇಲೆ ಕೆಳಗಿನ ಸೂರು ನೋಡಿ. ಮಳೆ ಬಂದ ಮಾರನೆಯ ದಿನ ಗೋಡೆಯ ಮೇಲ್ಭಾಗದಲ್ಲಿ ಕಲೆ ದೊಡ್ಡದಾದರೆ ತಾರಸಿಯದ್ದು. ನೆಲದಿಂದ ಎರಡು ಮೂರು ಅಡಿವರೆಗೆ ಬಿಳಿ ಉಪ್ಪು ಹೊಮ್ಮಿ ಪೇಂಟ್ ಹಪ್ಪಳದಂತೆ ಎದ್ದಿದ್ದರೆ ಅಡಿಪಾಯದಿಂದ ತೇವ ಏರುತ್ತಿದೆ.

ಬೀರುವಿನ ಹಿಂದಿನ ಬೂಸ್ಟಿಗೆ ಮಾತ್ರ ವಾದ ಜಾಸ್ತಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಬಿಡಿ. ಹನಿ ಹಾಳೆಯ ಒಳಗೆ, ಗೋಡೆಯ ಕಡೆ ಕಂಡರೆ ತೇವ ಗೋಡೆಯದು. ಹೊರಮೈ ಮೇಲೆ ಕಂಡರೆ ಗಾಳಿಯಾಡದ ಕೋಣೆಯದು, ಅದಕ್ಕೆ ಮಾಲೀಕರನ್ನು ದೂರುವಂತಿಲ್ಲ.

ಕಾನೂನಿನ ವಿಷಯದಲ್ಲಿ ಹಲವರು ಎಡವುತ್ತಾರೆ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಹೆಚ್ಚುಕಡಿಮೆ ಯಾವ ಮನೆಗೂ ಇಲ್ಲ. ಉಳಿಯುವುದು ಕರಾರು ಪತ್ರ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಕಲಮಿನ ಪ್ರಕಾರ, ಮಾಲೀಕರು ಮಾಡಿಕೊಡಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ‘ಮಾಡಿಕೊಡಬೇಕಾದ’ ಎಂಬಲ್ಲೇ ಗಂಟು: ಯಾವ ರಿಪೇರಿ ಮಾಲೀಕರದೆಂದು ಆ ಕಲಮು ಪಟ್ಟಿ ಮಾಡಿಲ್ಲ. ಅದನ್ನು ಕರಾರೇ ಹೇಳಬೇಕು. ಬಾಡಿಗೆದಾರರ ತಪ್ಪಿನಿಂದ ಹಾನಿಯಾಗಿದ್ದರೆ, ನೋಟಿಸ್ ಬಂದ ಮೂರು ತಿಂಗಳೊಳಗೆ ಅವರೇ ಸರಿಪಡಿಸಬೇಕು. ವಾಷಿಂಗ್ ಮೆಷಿನ್ ಪೈಪ್ ಕಳಚಿ ಮನೆಯೆಲ್ಲ ನೀರಾದದ್ದು, ನಲ್ಲಿ ತೆರೆದಿಟ್ಟು ಹೋದದ್ದು ಈ ಸಾಲಿಗೆ.

ಕರಾರು ಬರೆಯುವಾಗ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಎದುರಿಗಿಟ್ಟುಕೊಳ್ಳಿ. ರಾಜ್ಯ ಅಂಗೀಕರಿಸದ ಹೊರತು ಅದು ಕಾನೂನಲ್ಲ, ಆದರೂ ಮಾತುಕತೆಗೆ ಒಳ್ಳೆಯ ಆಧಾರ. ಕಟ್ಟಡದ ರಿಪೇರಿ, ಪೈಪ್ ಬದಲಾವಣೆ, ಸುಣ್ಣಬಣ್ಣ ಮಾಲೀಕರದು. ನಲ್ಲಿ, ವಾಷರ್, ಕಟ್ಟಿಕೊಂಡ ಮೋರಿ ಬಾಡಿಗೆದಾರರದು. ಗೀಸರ್ ರಿಪೇರಿಯನ್ನೂ ಅದು ಬಾಡಿಗೆದಾರರಿಗೇ ಅಂಟಿಸಿದೆ. ಹತ್ತು ವರ್ಷದ ಹಳೇ ಗೀಸರ್ ಇರುವ ಮನೆಯಾದರೆ ಇದನ್ನು ಒಪ್ಪಬೇಡಿ, ಬೇರೆ ಸಾಲು ಬರೆಸಿ.

ಸೋರಿಕೆ ಕಂಡ ದಿನವೇ ಮಾಲೀಕರಿಗೆ ವಾಟ್ಸ್‌ಆ್ಯಪ್ ಅಥವಾ ಇಮೇಲ್‌ನಲ್ಲಿ ಬರೆಯಿರಿ: ಯಾವ ಕೋಣೆ, ಯಾವತ್ತು ಕಂಡಿತು, ಏನು ಪರೀಕ್ಷಿಸಿದಿರಿ. ಫೋನಿನಲ್ಲಿ ಹೇಳಿದ್ದು ಅಡ್ವಾನ್ಸ್ ವಾಪಸ್ ಕೇಳುವ ದಿನ ಯಾರಿಗೂ ನೆನಪಿರುವುದಿಲ್ಲ. ಉತ್ತರ ಬಾರದಿದ್ದರೆ 15 ದಿನದ ಗಡುವಿಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಬಾಡಿಗೆ ಮುರಿಯುವ ಮುನ್ನ ಎರಡು ಕೊಟೇಶನ್ ಮತ್ತು ಬಿಲ್ ಕೈಯಲ್ಲಿರಲಿ. ಇಡೀ ಬಾಡಿಗೆ ನಿಲ್ಲಿಸಿದರೆ ಮನೆ ಖಾಲಿ ಮಾಡಿಸಲು ನೀವೇ ಕಾರಣ ಕೊಟ್ಟಂತೆ. ಮೇಲಿನ ಫ್ಲಾಟಿನ ನೀರಾದರೆ ಆ ಫ್ಲಾಟಿನವರ ಜತೆ, ಅಸೋಸಿಯೇಷನ್ ಜತೆ ಮಾತಾಡಬೇಕಾದವರು ನಿಮ್ಮ ಮಾಲೀಕರೇ.

ನೆನೆದ ಹಾಸಿಗೆ, ಟಿವಿಗೆ ಮಾಲೀಕರಿಂದ ಪರಿಹಾರ ಸಿಗುವುದು ಕಷ್ಟ, ತಿಳಿಸಿದ ಮೇಲೂ ಸುಮ್ಮನಿದ್ದರೆಂದು ತೋರಿಸಬೇಕಾಗುತ್ತದೆ. ಮನೆ ಸಾಮಾನಿನ ವಿಮೆಯನ್ನು ಬಾಡಿಗೆದಾರರೂ ಮಾಡಿಸಬಹುದು. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪೈಪ್ ಒಡೆದದ್ದು, ಟ್ಯಾಂಕ್ ಉಕ್ಕಿದ್ದು ಸೇರಿದೆ. ತಿಂಗಳುಗಟ್ಟಲೆ ನಿಧಾನವಾಗಿ ಒಸರಿ ಹಾಳಾದದ್ದಕ್ಕೆ ಕ್ಲೇಮ್ ನಿಲ್ಲುವುದಿಲ್ಲ.