ಆಫೀಸ್ ಫೈಲ್ ಸರ್ವರ್‌ಗೆ ಆ್ಯಂಟಿವೈರಸ್: ಇನ್‌ಸ್ಟಾಲ್ ಮಾಡೋದು ಸುಲಭ, ಎಡವೋದು ಎಕ್ಸ್‌ಕ್ಲೂಷನ್‌ನಲ್ಲಿ

ಆ್ಯಂಟಿವೈರಸ್ ಹಾಕಿಸಿದ ಮಾರನೇ ದಿನ "ಟ್ಯಾಲಿ ಓಪನ್ನೇ ಆಗ್ತಿಲ್ಲ ಸರ್, ಸುತ್ತಾ ಇದೆ" ಅಂತ ಅಕೌಂಟೆಂಟ್ ಕಡೆಯಿಂದ ಫೋನ್ ಹೋಗುತ್ತೆ, ಹಾಕಿಕೊಟ್ಟ ಹುಡುಗ ಬಂದು ಡಿ ಡ್ರೈವನ್ನೇ ಪೂರ್ತಿ ಎಕ್ಸ್‌ಕ್ಲೂಷನ್‌ಗೆ (ಆ್ಯಂಟಿವೈರಸ್ ನೋಡದೇ ಬಿಡೋ ಪಟ್ಟಿಗೆ) ಸೇರಿಸಿ ಹೋಗ್ತಾನೆ, ಟ್ಯಾಲಿ ಓಡುತ್ತೆ, ಎಲ್ಲರೂ ಖುಷಿ. ಆದ್ರೆ ಆಫೀಸಿನ ಅಷ್ಟೂ ಡೇಟಾ ಇರೋದೇ ಡಿ ಡ್ರೈವಲ್ಲಿ. ಅಂದ್ರೆ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಸಿ ಡ್ರೈವ್ ಕಾಯ್ತಾ ಕೂತಿರುತ್ತೆ. ಇದನ್ನ ಎಷ್ಟೋ ಸಿಎ ಆಫೀಸು, ಹೋಲ್‌ಸೇಲ್ ಅಂಗಡಿಗಳಲ್ಲಿ ನೋಡಿದೀನಿ, ಅದಕ್ಕೇ ಇಷ್ಟುದ್ದ ಬರೀತಿರೋದು.

1. ಮೊದಲು ನಿಮ್ಮ "ಸರ್ವರ್" ಯಾವುದು ಅಂತ ನೋಡ್ಕೊಳ್ಳಿ

ಸುಮಾರು ಕಡೆ ಸರ್ವರ್ ಅಂದ್ರೆ, ಎಲ್ಲರ ಫೈಲೂ ಇಡೋ ಮಷೀನ್ ಅಂದ್ರೆ, ಮೂಲೇಲಿರೋ ಒಂದು ವಿಂಡೋಸ್ 10 ಅಥವಾ 11 ಪಿಸಿ, ಅಷ್ಟೇ. ನಡೆಯುತ್ತೆ, ಆದ್ರೆ ಅದಕ್ಕೆ ಒಟ್ಟಿಗೆ 20 ಕನೆಕ್ಷನ್‌ಗಿಂತ ಜಾಸ್ತಿ ಬರೋ ಹಾಗಿಲ್ಲ, ಮೇಲಾಗಿ ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು. ನಿಜವಾದ ವಿಂಡೋಸ್ ಸರ್ವರ್ ಇದ್ದು ಅದು 2012 ಆರ್2 ಆಗಿದ್ರೆ ಅದರದ್ದೂ 2023ರ ಅಕ್ಟೋಬರ್‌ಗೇ ಮುಗಿದಿದೆ. ಪ್ಯಾಚ್ (ಲೋಪ ಸರಿಪಡಿಸೋ ಅಪ್‌ಡೇಟ್) ಬರದ ಮಷೀನ್ ಮೇಲೆ ಎಂಥ ಆ್ಯಂಟಿವೈರಸ್ ಹಾಕಿದ್ರೂ ಉಪಯೋಗ ಕಮ್ಮಿ. 2017ರ ಮೇ 12ಕ್ಕೆ ವನ್ನಾಕ್ರೈ ಅನ್ನೋ ರ್‍ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಹರಡಿತಲ್ಲ, ಅದರ ಪ್ಯಾಚ್ ಮಾರ್ಚಲ್ಲೇ ಬಂದಿತ್ತು, ಹಾಕದೇ ಇದ್ದೋರು ಸಿಕ್ಕಾಕ್ಕೊಂಡ್ರು. ಅದು ನುಗ್ಗಿದ್ದು ಎಸ್‌ಎಂಬಿ 1 ಅನ್ನೋ ಹಳೇ ಫೈಲ್ ಶೇರಿಂಗ್ ದಾರೀಲಿ. ಇವತ್ತಿಗೂ ಹಳೇ ಕಾಪಿಯರ್ ಮಷೀನಿಂದ ಸ್ಕ್ಯಾನ್ ಮಾಡಿದ್ದು ಫೋಲ್ಡರ್‌ಗೆ ಬೀಳಲಿ ಅಂತ ಅದನ್ನ ಆನ್ ಮಾಡಿಡೋರಿದಾರೆ. ಆಫ್ ಮಾಡಿ. ಸ್ಕ್ಯಾನ್ ಪೆನ್‌ಡ್ರೈವ್‌ಗೆ ತಗೊಳ್ಳಿ.

2. ಯಾವುದು ತಗೋಬೇಕು

ವಿಂಡೋಸ್ ಸರ್ವರ್ 2016ರಿಂದ ಈಚೆಗೆ ವಿಂಡೋಸಿನದೇ ಆ್ಯಂಟಿವೈರಸ್ ಡಿಫೆಂಡರ್ ಜೊತೆಗೇ ಬರುತ್ತೆ. ಹತ್ತು ಪಿಸಿ ಒಳಗಿನ ಆಫೀಸಾದ್ರೆ ಡಿಫೆಂಡರ್ ಸಾಕು, ಉಳಿದ ದುಡ್ಡಲ್ಲಿ ಬ್ಯಾಕಪ್‌ಗೆ ಎರಡು ಹಾರ್ಡ್‌ಡಿಸ್ಕ್ ತಗೊಳ್ಳಿ, ಇದು ನನ್ನ ಮಾತು, ಡೀಲರ್ ಬೇರೆ ಹೇಳ್ತಾನೆ. ಅದಕ್ಕಿಂತ ಜಾಸ್ತಿ ಪಿಸಿ ಇದ್ರೆ ಒಂದೇ ಕಡೆ ಕೂತು ಎಲ್ಲಾ ಮಷೀನ್ ನೋಡೋಕಾಗೋ ಬಿಸಿನೆಸ್ ಎಡಿಷನ್ ತಗೊಳ್ಳಿ, ಸೀಕ್ರೈಟ್, ಇಸೆಟ್, ಬಿಟ್‌ಡಿಫೆಂಡರ್ ಯಾವುದಾದ್ರೂ ಸರಿ, ಆದ್ರೆ ಬಿಲ್ಲಲ್ಲಿ ಸರ್ವರ್ ಲೈಸನ್ಸ್ ಸೇರಿದ್ಯಾ ಕೇಳಿ. ಫ್ರೀ ವರ್ಷನ್‌ಗಳ ಲೈಸನ್ಸು ಹೆಚ್ಚಿನಂಶ ಮನೆ ಬಳಕೆಗೆ ಮಾತ್ರ ಇರುತ್ತೆ. ಇನ್ನು ಕ್ರ್ಯಾಕ್ ಮಾಡಿದ ಆ್ಯಂಟಿವೈರಸ್ ಹಾಕೋರಿಗೆ ನಾನೇನೂ ಹೇಳಲ್ಲ.

3. ಎರಡೆರಡು ಇಡಬೇಡಿ

ಮಾಮೂಲಿ ಪಿಸೀಲಿ ಬೇರೆ ಆ್ಯಂಟಿವೈರಸ್ ಬಂದ ತಕ್ಷಣ ಡಿಫೆಂಡರ್ ತಾನಾಗೇ ಹಿಂದೆ ಸರಿಯುತ್ತೆ, ವಿಂಡೋಸ್ ಸರ್ವರಲ್ಲಿ ಹಾಗೆ ಸರಿಯಲ್ಲ. ಹೊರಗಿಂದು ಹಾಕಿದ್ರೆ ಸರ್ವರ್ ಮ್ಯಾನೇಜರ್‌ಗೆ ಹೋಗಿ ರಿಮೂವ್ ರೋಲ್ಸ್ ಅಂಡ್ ಫೀಚರ್ಸ್‌ನಲ್ಲಿ ಡಿಫೆಂಡರ್ ತೆಗೆದು ರೀಸ್ಟಾರ್ಟ್ ಮಾಡಿ. ಎರಡೂ ಇದ್ರೆ ಒಂದೊಂದು ಫೈಲನ್ನೂ ಇಬ್ಬಿಬ್ಬರು ತಡೆದು ನೋಡ್ತಾರೆ, ಸರ್ವರ್ ಸುಸ್ತು.

4. ಎಕ್ಸ್‌ಕ್ಲೂಷನ್, ಇಲ್ಲಿ ನಿಧಾನ

ಟ್ಯಾಲಿ ಡೇಟಾ ಫೈಲುಗಳನ್ನ ಹತ್ತಾರು ಸಲ ಓಪನ್, ಕ್ಲೋಸ್ ಮಾಡ್ತಾನೇ ಇರುತ್ತೆ. ಪ್ರತಿ ಸಲ ಆ್ಯಂಟಿವೈರಸ್ ಮಧ್ಯೆ ಬಂದ್ರೆ ವೋಚರ್ ಸೇವ್ ಆಗೋಕೂ ಕಾಯ್ಬೇಕು, ಅದಕ್ಕೇ ಎಕ್ಸ್‌ಕ್ಲೂಷನ್ ಬೇಕಾಗೋದು. ಡಿಫೆಂಡರಲ್ಲಾದ್ರೆ ವಿಂಡೋಸ್ ಸೆಕ್ಯುರಿಟಿ, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್. ಅಲ್ಲಿ ಫೈಲ್, ಫೋಲ್ಡರ್, ಫೈಲ್ ಟೈಪ್, ಪ್ರೊಸೆಸ್ ಅಂತ ನಾಲ್ಕು ಆಯ್ಕೆ ಬರುತ್ತೆ, ಎಡವೋದು ಇಲ್ಲೇ.

ಬಹಳ ಜನ ಪ್ರೊಸೆಸ್ (ಓಡ್ತಿರೋ ಪ್ರೋಗ್ರಾಂ) ಒತ್ತಿ ಟ್ಯಾಲಿಯ ಎಕ್ಸಿ ಫೈಲ್ ಹೆಸರು ಕೊಡ್ತಾರೆ, ಆಮೇಲೆ ಏನೂ ಫರಕ್ ಆಗ್ಲಿಲ್ಲ ಅಂತಾರೆ. ಹೇಗಾಗುತ್ತೆ? ಟ್ಯಾಲಿ ಓಡ್ತಿರೋದು ಅಕೌಂಟೆಂಟ್ ಪಿಸೀಲಿ. ಸರ್ವರ್ ಕಣ್ಣಿಗೆ ಆ ಫೈಲ್ ಓಪನ್ ಮಾಡ್ತಿರೋದು ಟ್ಯಾಲಿ ಅಲ್ಲವೇ ಅಲ್ಲ, ವಿಂಡೋಸಿನ ಫೈಲ್ ಶೇರಿಂಗ್ ಸಿಸ್ಟಂ. ಹಾಗಾಗಿ ಸರ್ವರಲ್ಲಿ ಫೋಲ್ಡರ್ ಆಯ್ಕೆನೇ ಬೇಕು, ಅದೂ ಕಂಪನಿ ಡೇಟಾ ಇರೋ ಒಳಗಿನ ಫೋಲ್ಡರ್ ಮಾತ್ರ. ಟ್ಯಾಲಿ ಇನ್‌ಸ್ಟಾಲ್ ಆಗಿರೋ ಫೋಲ್ಡರ್ ಬೇಡ. ಡ್ರೈವಂತೂ ಬೇಡವೇ ಬೇಡ.

ಪ್ರೊಸೆಸ್ ಆಯ್ಕೆ ಕೆಲಸಕ್ಕೆ ಬರೋದು ಕ್ಲೈಂಟ್ ಪಿಸಿಗಳಲ್ಲಿ, ಅಂದ್ರೆ ಸರ್ವರ್‌ಗೆ ಸೇರಿಕೊಂಡಿರೋ ಉಳಿದ ಪಿಸಿಗಳಲ್ಲಿ. ಅಲ್ಲೂ ಬರೀ ಹೆಸರು ಕೊಡಬೇಡಿ, ಪೂರ್ತಿ ಪಾತ್ (ಡ್ರೈವ್, ಫೋಲ್ಡರ್ ಸಮೇತ ಫೈಲಿನ ವಿಳಾಸ) ಕೊಡಿ, ಇಲ್ಲಾಂದ್ರೆ ಡೌನ್‌ಲೋಡ್ಸ್‌ನಲ್ಲಿ ಅದೇ ಹೆಸರಿಟ್ಕೊಂಡು ಕೂತಿರೋ ಕಳ್ಳ ಫೈಲಿಗೂ ಅದೇ ರಿಯಾಯಿತಿ ಸಿಗುತ್ತೆ. ಸರ್ವರ್ ಫೋಲ್ಡರನ್ನ ಝಡ್ ಡ್ರೈವ್ ಅಂತ ಮ್ಯಾಪ್ ಮಾಡ್ಕೊಂಡಿದ್ರೆ ಆ ಅಕ್ಷರ ಕೊಟ್ರೂ ಸಾಲಲ್ಲ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಸರ್ವರ್ ಹೆಸರಿಂದ ಶುರುವಾಗೋ ನೆಟ್‌ವರ್ಕ್ ಪಾತೇ ಕೊಡಬೇಕು. ಫೈಲ್ ಟೈಪ್ ಆಯ್ಕೆ ಕಡೆ ನಾನು ಹೋಗೋದೇ ಇಲ್ಲ, ಜಿಪ್ ಅಂತ ಒಂದು ಸಲ ಸೇರಿಸಿದ್ರೆ ಇಡೀ ಮಷೀನಲ್ಲಿರೋ ಜಿಪ್ ಎಲ್ಲಾ ಬಿಟ್ಟು ಹೋಗುತ್ತೆ.

ಇನ್ನೊಂದು, ಎಕ್ಸ್‌ಕ್ಲೂಷನ್ ಹಾಕಿದ ಫೋಲ್ಡರ್ ವಾರದ ಸ್ಕ್ಯಾನಲ್ಲೂ ಬಿಟ್ಟು ಹೋಗುತ್ತೆ. ಅದರೊಳಗೆ ಬ್ಯಾಂಕ್ ಸ್ಟೇಟ್‌ಮೆಂಟು, ವಾಟ್ಸಾಪಲ್ಲಿ ಬಂದ ಜಿಪ್ಪು ತುಂಬೋ ಅಭ್ಯಾಸ ಇದ್ರೆ ಮೊದಲು ಅದನ್ನ ಬಿಡಿಸಿ.

5. ಸ್ಕ್ಯಾನ್ ಟೈಮು

ರಾತ್ರಿ 2 ಗಂಟೆಗೆ ಇಡಿ ಅಂತ ಎಲ್ಲಾ ಕಡೆ ಬರೆದಿರ್ತಾರೆ. ನಮ್ಮಲ್ಲಿ ಬಾಗಿಲು ಹಾಕೋವಾಗ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗ್ತಾರಲ್ಲ, ಆ ಸ್ಕ್ಯಾನ್ ವರ್ಷವಾದ್ರೂ ಓಡಿರಲ್ಲ. ಶನಿವಾರ ಮಧ್ಯಾಹ್ನ ಇಡಿ. ಜಿಎಸ್‌ಟಿ ರಿಟರ್ನಿನ 11, 20ನೇ ತಾರೀಖು ಶನಿವಾರ ಬಿದ್ರೆ ಆ ವಾರ ಮುಂದಕ್ಕೆ ಹಾಕಿ. ಕ್ಲೈಂಟ್ ಪಿಸಿಗಳಲ್ಲಿ ನೆಟ್‌ವರ್ಕ್ ಡ್ರೈವ್ ಸ್ಕ್ಯಾನ್ ಆಫ್ ಇದೆಯಾ ನೋಡಿ, ಇಲ್ಲದಿದ್ರೆ ಹತ್ತು ಪಿಸೀನೂ ಸೇರಿ ಒಂದೇ ಸರ್ವರನ್ನ ಹತ್ತು ಸಲ ಸ್ಕ್ಯಾನ್ ಮಾಡ್ತವೆ.

6. ಸರ್ವರ್‌ಗೆ ಕಾಣದೇ ಇರೋದು

ರ್‍ಯಾನ್ಸಮ್‌ವೇರ್ ಹೆಚ್ಚಾಗಿ ಸರ್ವರ್ ಒಳಗೆ ಓಡಲ್ಲ. ಯಾರೋ ಒಬ್ಬರ ಪಿಸೀಲಿ ಓಡುತ್ತೆ, ಅಲ್ಲಿಂದ ಸರ್ವರಿನ ಶೇರ್ ಫೋಲ್ಡರಲ್ಲಿರೋ ಫೈಲುಗಳನ್ನ ಒಂದೊಂದಾಗಿ ಲಾಕ್ ಮಾಡ್ತಾ ಬರುತ್ತೆ. ಸರ್ವರಿನ ಆ್ಯಂಟಿವೈರಸ್‌ಗೆ ಯಾರೋ ಫೈಲ್ ಎಡಿಟ್ ಮಾಡಿ ಸೇವ್ ಮಾಡ್ತಿದಾರೆ ಅಂತ ಅಷ್ಟೇ ಕಾಣೋದು. ಅದಕ್ಕೇ ಎಲ್ಲಾ ಪಿಸೀಲೂ ಆ್ಯಂಟಿವೈರಸ್ ಇರಲೇಬೇಕು, ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಇರಲೇಬೇಕು, ರಿಸೆಪ್ಷನ್ ಹುಡುಗಿಗೆ ಆಡಿಟ್ ಫೋಲ್ಡರಲ್ಲಿ ಬರೆಯೋ ಪರ್ಮಿಷನ್ ಯಾಕೆ ಬೇಕು ಹೇಳಿ?

ವಿಂಡೋಸ್ ಸರ್ವರ್ ಇದ್ರೆ ಡ್ರೈವ್ ಪ್ರಾಪರ್ಟೀಸಲ್ಲಿ ಶ್ಯಾಡೋ ಕಾಪೀಸ್ (ಫೈಲುಗಳ ಹಳೇ ರೂಪ ಉಳಿಸೋ ಸೌಲಭ್ಯ) ಆನ್ ಮಾಡಿ. ಅದು ತಾನಾಗಿ ಕಾಪಿ ತಗೊಳ್ಳೋದು ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 7 ಮತ್ತೆ ಮಧ್ಯಾಹ್ನ 12ಕ್ಕೆ. ಬೆಳಗ್ಗೆ 7ಕ್ಕೆ ನಿಮ್ಮ ಸರ್ವರ್ ಆಫ್ ಇರುತ್ತೆ, ಶನಿವಾರ ನಿಮಗೆ ರಜೆ ಇರಲ್ಲ, ಹಾಗಾಗಿ ಮಧ್ಯಾಹ್ನ 1, ಸಂಜೆ 6 ಅಂತ ಬದಲಾಯಿಸಿ, ಶನಿವಾರಾನೂ ಸೇರಿಸಿ. ಅಡ್ಮಿನ್ ಪವರ್ ಇಲ್ಲದ ಲಾಗಿನ್ನಿಂದ ಓಡೋ ರ್‍ಯಾನ್ಸಮ್‌ವೇರ್‌ಗೆ ಈ ಕಾಪಿ ಅಳಿಸೋಕಾಗಲ್ಲ. ಹಾಗಂತ ಇದನ್ನೇ ಬ್ಯಾಕಪ್ ಅಂದ್ಕೋಬೇಡಿ, ಕೇಬಲ್ ಕಿತ್ತು ಬೀರುವಲ್ಲಿಡೋ ಹಾರ್ಡ್‌ಡಿಸ್ಕ್ ಬೇರೆ ಬೇಕು.

ಮನೆಯಿಂದ ಕೆಲಸ ಮಾಡೋಕೆ ಅಂತ ರೌಟರಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪಿನ ದಾರಿ) ತೆಗೆದಿಟ್ಟಿದ್ರೆ ಇವತ್ತೇ ಮುಚ್ಚಿಸಿ, ವಿಪಿಎನ್ (ಹೊರಗಿಂದ ಆಫೀಸ್ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಸೇರೋ ದಾರಿ) ಹಾಕಿಸಿ. ಆ ದಾರೀಲಿ ಬಂದೋನು ಅಡ್ಮಿನ್ ಪಾಸ್‌ವರ್ಡ್ ಹಿಡಿದ್ರೆ ಮೊದಲು ಆಫ್ ಮಾಡೋದು ಆ್ಯಂಟಿವೈರಸ್ಸನ್ನೇ. ಅದಕ್ಕೆ ಹೊರಗಿಂದ ತಂದ ಆ್ಯಂಟಿವೈರಸ್ ಆದ್ರೆ ಅದರ ಸೆಟ್ಟಿಂಗ್ಸ್‌ಗೂ ಬೇರೆ ಪಾಸ್‌ವರ್ಡ್ ಇಡಿ (ಡಿಫೆಂಡರಲ್ಲಿ ಆ ಆಯ್ಕೆ ಇಲ್ಲ).

7. ಟೆಸ್ಟ್ ಮಾಡಿ

ಐಕಾರ್ ಅಂತ 68 ಅಕ್ಷರದ ಟೆಸ್ಟ್ ಫೈಲ್ ಇದೆ, ಯಾವ ಹಾನಿನೂ ಇಲ್ಲ. ಸರ್ವರಲ್ಲೇ ನೋಟ್‌ಪ್ಯಾಡ್ ತೆಗೆದು ಆ ಅಕ್ಷರಗಳನ್ನ ಪೇಸ್ಟ್ ಮಾಡಿ ಸೇವ್ ಮಾಡಿ. ಮಾಮೂಲಿ ಫೋಲ್ಡರಲ್ಲಿ ತಕ್ಷಣ ಸಿಕ್ಕಿಬೀಳಬೇಕು, ಟ್ಯಾಲಿ ಡೇಟಾ ಫೋಲ್ಡರಲ್ಲಿ ಸುಮ್ಮನಿರಬೇಕು. ಎರಡೂ ಕಡೆ ಸುಮ್ಮನಿದ್ರೆ 4ನೇ ಹಂತಕ್ಕೆ ವಾಪಸ್ ಹೋಗಿ.

ಇಷ್ಟಾದ್ಮೇಲೂ ಒಂದಿನ ಫೈಲ್ ಹೆಸರೆಲ್ಲಾ ವಿಚಿತ್ರವಾಗಿ ಬದಲಾಗಿದ್ರೆ ಮೊದಲು ನೆಟ್‌ವರ್ಕ್ ಸ್ವಿಚ್‌ನಿಂದ (ಎಲ್ಲಾ ಲ್ಯಾನ್ ಕೇಬಲ್ ಬಂದು ಸೇರೋ ಡಬ್ಬಿ) ಎಲ್ಲಾ ಪಿಸಿಗಳ ಲ್ಯಾನ್ ಕೇಬಲ್ ಕೀಳಿ. ಆಮೇಲೆ ಸರ್ವರಲ್ಲಿ ದುಡ್ಡು ಕೇಳಿ ಬರೆದಿಟ್ಟಿರೋ ಟೆಕ್ಸ್ಟ್ ಫೈಲ್ ಹುಡುಕಿ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋದ್ರೆ ಮೇಲೆ ಓನರ್ ಅಂತ ಇರುತ್ತೆ. ಯಾರ ಲಾಗಿನ್ ಹೆಸರಿದೆಯೋ ಅವರ ಪಿಸಿಯಿಂದಲೇ ಶುರುವಾಗಿರೋ ಸಾಧ್ಯತೆ ಜಾಸ್ತಿ, ಮೊದಲು ಅದನ್ನ ನೋಡಿ. ಎಲ್ಲರೂ ಒಂದೇ ಅಡ್ಮಿನ್ ಲಾಗಿನ್ ಬಳಸ್ತಿದ್ರೆ ಅಲ್ಲೂ ಅಡ್ಮಿನ್ ಅಂತಲೇ ಬರುತ್ತೆ, ಆಗ ಒಂದೊಂದೇ ಪಿಸಿ ಮುಂದೆ ಕೂತು ಹುಡುಕಬೇಕು. ಸರ್ಟ್-ಇನ್‌ಗೆ (ಸೈಬರ್ ದಾಳಿ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆಗೆ) ತಿಳಿಸೋಕೆ ಗೊತ್ತಾದ ಹೊತ್ತಿಂದ 6 ಗಂಟೆ ಟೈಮಿದೆ, 2022ರಿಂದ ಇರೋ ರೂಲು.