ದೊಡ್ಡ ಅಂಕಿ ಬಿಡಿ, ಸಣ್ಣ ಗುರುತು ಓದಿ: ಮೆಮೊರಿ ಕಾರ್ಡ್ ಆರಿಸುವುದು ಹೇಗೆ?

ಬೇಲೂರಿನ ಮದನಿಕೆಯರ ಫೋಟೊ ತೆಗೆಯಲು ಯಾವ ಕಾರ್ಡ್ ಆದರೂ ನಡೆಯುತ್ತದೆ. ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಮೀನಿಗೆ ಧುಮುಕುವ ರಿವರ್ ಟರ್ನ್ ಹಕ್ಕಿ ಹಾಗಲ್ಲ. ಮಾಂಗಲ್ಯಧಾರಣೆಯ ವಿಡಿಯೊ ಕೂಡ ಹಾಗಲ್ಲ. ಗಟ್ಟಿಮೇಳ ಶುರುವಾದ ಮೇಲೆ ರೆಕಾರ್ಡಿಂಗ್ ತಾನಾಗಿಯೇ ನಿಂತರೆ ಇನ್ನೊಂದು ಟೇಕ್ ಕೇಳಲು ಆಗುವುದಿಲ್ಲ. ಹಾಗೆ ನಿಲ್ಲುವುದಕ್ಕೆ ಎಷ್ಟೋ ಸಲ ಕಾರಣ ಕ್ಯಾಮೆರಾ ಅಲ್ಲ, ಒಳಗಿನ ಕಾರ್ಡ್.

ಅಂಗಡಿಯಲ್ಲಿ ಬಹುತೇಕರು ನೋಡುವುದು ಎರಡನ್ನೇ: ಎಷ್ಟು ಜಿಬಿ, ಮತ್ತು ಮೇಲೆ ದಪ್ಪಗೆ ಅಚ್ಚಾದ 170 ಅಥವಾ 200 ಎಂಬ ಅಂಕಿ. ಆ ದಪ್ಪ ಅಂಕಿ ಕಾರ್ಡಿನಿಂದ ಓದುವ ವೇಗ, ಅದೂ ಗರಿಷ್ಠ. ಕ್ಯಾಮೆರಾಗೆ ಬೇಕಿರುವುದು ಕಾರ್ಡಿಗೆ ಬರೆಯುವ ವೇಗ, ಅದೂ ಕನಿಷ್ಠ. ಎಷ್ಟೇ ನಿಧಾನವಾದರೂ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಆ ಭರವಸೆ ಮೂಲೆಯಲ್ಲಿರುವ ಸಣ್ಣ ಗುರುತುಗಳಲ್ಲಿದೆ.

ಮೊದಲು ಲೆಕ್ಕ, ಆಮೇಲೆ ಅಂಗಡಿ

ಕ್ಯಾಮೆರಾದ ಮೆನುವಿನಲ್ಲಿ ವಿಡಿಯೊ ಗುಣಮಟ್ಟದ ಪುಟ ತೆರೆಯಿರಿ. ಅಲ್ಲಿ 50, 100, 200 ಎಂದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬುದು ಇರುತ್ತದೆ. ಕಾರ್ಡಿನ ಅಂಕಿ ಇರುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ ಮೆನುವಿನ ಅಂಕಿಯನ್ನು 8ರಿಂದ ಭಾಗಿಸಿ. 100 ಮೆಗಾಬಿಟ್‌ನ 4ಕೆ ವಿಡಿಯೊಗೆ ಸೆಕೆಂಡಿಗೆ 12.5 ಮೆಗಾಬೈಟ್ ಬೇಕು. 400 ಮೆಗಾಬಿಟ್ ಆದರೆ 50 ಮೆಗಾಬೈಟ್. ಜಾಗದ ಲೆಕ್ಕವೂ ಇದರಲ್ಲೇ ಸಿಗುತ್ತದೆ: ಸೆಕೆಂಡಿಗೆ 12.5 ಎಂದರೆ ಗಂಟೆಗೆ 45 ಜಿಬಿ. 64 ಜಿಬಿ ಕಾರ್ಡ್ ಒಂದೂಕಾಲು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ತುಂಬುತ್ತದೆ. ಧಾರೆಗೆ ಸಾಕು, ಆರತಕ್ಷತೆಗೆ ಇನ್ನೊಂದು ಬೇಕು.

ಈಗ ಗುರುತುಗಳು. ಇಂಗ್ಲಿಷಿನ ಸಿ ಅಕ್ಷರದೊಳಗೆ 10 ಇದ್ದರೆ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್. ಯು ಅಕ್ಷರದೊಳಗೆ 1 ಇದ್ದರೂ ಅಷ್ಟೇ 10. ಒಳಗೆ 3 ಇದ್ದರೆ 30. ವಿ ಗುರುತು ಓದುವುದು ಎಲ್ಲಕ್ಕಿಂತ ಸುಲಭ, ಪಕ್ಕದ ಅಂಕಿಯೇ ವೇಗ: ವಿ30, ವಿ60, ವಿ90. ಒಂದೇ ಕಾರ್ಡಿನ ಮೇಲೆ ಸಿ10, ಯು3, ವಿ30 ಮೂರೂ ಇರುವುದುಂಟು. ಗಾಬರಿ ಬೇಡ, ದೊಡ್ಡದನ್ನು ಹಿಡಿಯಿರಿ.

100 ಮೆಗಾಬಿಟ್ ವಿಡಿಯೊಗೆ ಯು1 ಸಾಲದು, ಏಕೆಂದರೆ ಅದರ ಭರವಸೆ 80 ಮೆಗಾಬಿಟ್‌ಗೆ ಮುಗಿಯುತ್ತದೆ. ಆ ಕಾರ್ಡ್ ಹಾಕಿದರೆ ಕೆಲವು ಕ್ಯಾಮೆರಾಗಳು ರೆಕಾರ್ಡ್ ಬಟನ್ ಒತ್ತಲೇ ಬಿಡುವುದಿಲ್ಲ. ಕೆಲವು ಬಿಡುತ್ತವೆ, ನಡುವೆ ಕೈ ಕೊಡುತ್ತವೆ. ಇವು ಹೆಚ್ಚು ಅಪಾಯಕಾರಿ. ವಿ30 ಇದ್ದರೆ 240 ಮೆಗಾಬಿಟ್‌ವರೆಗೆ ನಿಶ್ಚಿಂತೆ. ಹವ್ಯಾಸಿಗಳಿಗೂ ಊರಿನ ಹೆಚ್ಚಿನ ಸ್ಟುಡಿಯೊಗಳಿಗೂ ಇದು ಸಾಕು. ವಿ90ಕ್ಕೆ ದುಡ್ಡು ಸುರಿಯಬೇಕಾದವರು 600 ಮೆಗಾಬಿಟ್‌ನಂಥ ವಿಡಿಯೊ ಮಾಡುವವರು ಮಾತ್ರ.

ಹಕ್ಕಿ ಫೋಟೊಗೆ ಬೇರೆ ಲೆಕ್ಕ

ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೋಟೊ, ಒಂದಕ್ಕೆ 30 ಮೆಗಾಬೈಟ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 10 ಫೋಟೊ ಹೊಡೆದರೆ 300 ಮೆಗಾಬೈಟ್. ಅಷ್ಟು ವೇಗದಲ್ಲಿ ಸಾಮಾನ್ಯ ಕಾರ್ಡ್ ನುಂಗುವುದಿಲ್ಲ, ಹಾಗಾಗಿ ಕ್ಯಾಮೆರಾ ಮೊದಲು ತನ್ನ ಬಫರ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ಕಾರ್ಡಿಗೆ ಇಳಿಸುತ್ತದೆ. 60 ಫೋಟೊಗಳ ಬಫರ್ ತುಂಬಿದರೆ ಇಳಿಸಬೇಕಾದದ್ದು 1800 ಮೆಗಾಬೈಟ್. ನಿಜವಾಗಿ 80 ಮೆಗಾಬೈಟ್ ವೇಗದಲ್ಲಿ ಬರೆಯುವ ಕಾರ್ಡಿಗೆ ಸುಮಾರು 22 ಸೆಕೆಂಡ್ ಹಿಡಿಯುತ್ತದೆ. 250ರಲ್ಲಿ ಬರೆಯುವುದಕ್ಕೆ 7 ಸೆಕೆಂಡ್. ಈ ಎರಡರ ನಡುವಿನ ಹದಿನೈದು ಸೆಕೆಂಡಿನಲ್ಲಿ ಹಕ್ಕಿ ಮೀನು ಹಿಡಿದು ನಡುಗಡ್ಡೆ ಸೇರಿರುತ್ತದೆ.

ಇಂಥ ವೇಗದ ಕಾರ್ಡುಗಳ ಮೇಲೆ ರೋಮನ್ ಅಂಕಿ ಎರಡು ಇರುತ್ತದೆ. ಅವು ಯುಎಚ್‌ಎಸ್-2 ಕಾರ್ಡುಗಳು. ಹಿಂಬದಿ ತಿರುಗಿಸಿ ನೋಡಿ, ಚಿನ್ನದ ಬಣ್ಣದ ಸಂಪರ್ಕ ಪಟ್ಟಿಗಳು ಎರಡು ಸಾಲಿನಲ್ಲಿರುತ್ತವೆ. ಒಂದೇ ಸಾಲು ಇದ್ದರೆ ಯುಎಚ್‌ಎಸ್-1, ಅದರ ಮಿತಿ ಸೆಕೆಂಡಿಗೆ 104 ಮೆಗಾಬೈಟ್. ಎರಡು ಸಾಲಿನದ್ದು 312ರವರೆಗೆ ಹೋಗಬಲ್ಲದು, ಕ್ಯಾಮೆರಾದ ಸ್ಲಾಟ್ ಕೂಡ ಎರಡು ಸಾಲಿನದಾಗಿದ್ದರೆ. ಇಲ್ಲದಿದ್ದರೆ ಎಂಥ ಕಾರೂ ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ತೆವಳುವ ಹಾಗೆ ಆ ದುಬಾರಿ ಕಾರ್ಡೂ ಒಂದು ಸಾಲಿನ ವೇಗದಲ್ಲೇ ಸಾಗುತ್ತದೆ. ಎರಡು ಸ್ಲಾಟ್‌ನ ಕೆಲವು ಕ್ಯಾಮೆರಾಗಳಲ್ಲಿ ಮೊದಲನೆಯದು ಮಾತ್ರ ವೇಗದ್ದು. ಎರಡಕ್ಕೂ ಒಟ್ಟಿಗೆ ಬರೆಯುವಂತೆ ಇಟ್ಟರೆ ನಿಧಾನದ ಕಾರ್ಡಿನ ಗತಿಯೇ ಎರಡಕ್ಕೂ.

ಹಾಗಾದರೆ ಒಂದೇ ಸಾಲಿನ ಕಾರ್ಡಿನ ಮೇಲೆ 200 ಎಂದು ಏಕೆ ಹಾಕುತ್ತಾರೆ? ಕಂಪನಿಗಳು ತಮ್ಮದೇ ತಂತ್ರದಿಂದ ಓದುವ ವೇಗ ಹೆಚ್ಚಿಸಿರುತ್ತವೆ. ಅದು ಸಿಗಬೇಕಾದರೆ ಅದಕ್ಕೆ ಹೊಂದುವ ಕಾರ್ಡ್ ರೀಡರ್ ಬೇಕು, ಕ್ಯಾಮೆರಾದೊಳಗೆ ಸಿಗದು.

ಹಳೆಯ ಕ್ಯಾಮೆರಾ ಇರುವವರು ಇನ್ನೊಂದನ್ನೂ ನೋಡಬೇಕು. ಸ್ಲಾಟ್ ಬಳಿ ಎಸ್‌ಡಿಎಚ್‌ಸಿ ಎಂದಷ್ಟೇ ಬರೆದಿದ್ದರೆ 32 ಜಿಬಿಯೇ ಕೊನೆ. 64 ಜಿಬಿ ಮತ್ತು ಮೇಲಿನವು ಎಸ್‌ಡಿಎಕ್ಸ್‌ಸಿ, 2009ರಲ್ಲಿ ಬಂದ ಮಾದರಿ.

ಫೋನಿಗೆ ಎ, ಕಾಫಿ ಕಣಕ್ಕೆ ಎಂಡ್ಯೂರೆನ್ಸ್

ಫೋನಿನಲ್ಲಿ ಫೋಟೊ, ಹಾಡು, ವಿಡಿಯೊ ತುಂಬಲು ಯು1 ಆದರೂ ಸಾಕು. ಆ್ಯಪ್‌ಗಳನ್ನೂ ಕಾರ್ಡಿನಲ್ಲಿ ಇಡುವುದಾದರೆ ಮಾತ್ರ ಎ1 ಗುರುತು ಹುಡುಕಿ. ಆ್ಯಪ್ ಒಂದೇ ದೊಡ್ಡ ಫೈಲ್ ಬರೆಯುವುದಿಲ್ಲ, ಸಾವಿರ ಚೂರುಗಳನ್ನು ಅಲ್ಲಿಲ್ಲಿ ಓದಿ ಬರೆಯುತ್ತದೆ. ಎ1 ಕಾರ್ಡ್ ಸೆಕೆಂಡಿಗೆ ಇಂಥ 1500 ಓದು ಮತ್ತು 500 ಬರಹ ನಿಭಾಯಿಸಬೇಕು. ಎ2 ಆದರೆ 4000 ಮತ್ತು 2000. ಎ2ರ ಪೂರ್ಣ ಲಾಭ ಫೋನ್ ಅದನ್ನು ಬೆಂಬಲಿಸಿದರೆ ಮಾತ್ರ, ಆದ್ದರಿಂದ ಬೆಲೆ ಹತ್ತಿರವಿದ್ದರೆ ತೆಗೆದುಕೊಳ್ಳಿ, ದೂರವಿದ್ದರೆ ಎ1 ಸಾಕು. ಕಾರ್ಡನ್ನು ಇಂಟರ್ನಲ್ ಸ್ಟೋರೇಜ್ ಎಂದು ಫಾರ್ಮ್ಯಾಟ್ ಮಾಡಿದರೆ ಅದು ಎನ್‌ಕ್ರಿಪ್ಟ್ ಆಗುತ್ತದೆ. ಮತ್ತೆ ಬೇರೆ ಫೋನಿಗೆ ಹಾಕಿದರೆ ಏನೂ ಓದಲಾಗದು. ಫೋನ್ ಕೆಟ್ಟರೆ ಒಳಗಿದ್ದ ಫೋಟೊಗಳೂ ಹೋದಂತೆ.

ತೋಟದ ಮನೆಗಳಲ್ಲಿ ಈಗ ಕಾಫಿ ಕಣಕ್ಕೆ, ಗೋದಾಮಿಗೆ ಸಿಮ್ ಹಾಕುವ ಸಿಸಿಟಿವಿ ಕ್ಯಾಮೆರಾ ಸಾಮಾನ್ಯ. ಇಲ್ಲಿ ವೇಗ ಬಹುತೇಕ ಲೆಕ್ಕಕ್ಕಿಲ್ಲ. 2 ಮೆಗಾಬಿಟ್‌ನ ವಿಡಿಯೊಗೆ ಸೆಕೆಂಡಿಗೆ ಕಾಲು ಮೆಗಾಬೈಟ್ ಸಾಕು. ಆದರೆ ಹಗಲು ರಾತ್ರಿ ಬರೆದರೆ ದಿನಕ್ಕೆ 21.6 ಜಿಬಿ, 64 ಜಿಬಿ ಕಾರ್ಡ್ ಮೂರು ದಿನಕ್ಕೊಮ್ಮೆ ಪೂರ್ತಿ ಅಳಿದು ಮತ್ತೆ ತುಂಬುತ್ತದೆ. ಕಾರ್ಡಿನೊಳಗಿನ ಫ್ಲ್ಯಾಶ್ ಮೆಮೊರಿಯ ಕೋಶಗಳು ಇಂತಿಷ್ಟು ಸಲ ಅಳಿಸಿ ಬರೆಯುವುದನ್ನು ಮಾತ್ರ ತಾಳುತ್ತವೆ, ಆದ್ದರಿಂದ ಫೋನಿನಲ್ಲಿ ವರ್ಷಗಟ್ಟಲೆ ಬಾಳುವ ಕಾರ್ಡ್ ಇಲ್ಲಿ ಬೇಗ ಸಾಯುತ್ತದೆ. ಸತ್ತದ್ದು ಗೊತ್ತಾಗುವುದು ಮೂಟೆ ಕಳುವಾದ ಮರುದಿನ. ಹೈ ಎಂಡ್ಯೂರೆನ್ಸ್, ಅಂದರೆ ಹೆಚ್ಚು ತಾಳಿಕೆಯದ್ದು, ಎಂದು ಬರೆದ ಕಾರ್ಡ್ ಹಾಕಿ, ದೊಡ್ಡ ಜಿಬಿಯದ್ದನ್ನೇ ಹಾಕಿ. 128 ಜಿಬಿಯದು ಅರ್ಧದಷ್ಟೇ ಸಲ ಅಳಿದು ತುಂಬುತ್ತದೆ. ಕಾರಿನ ಡ್ಯಾಶ್‌ಕ್ಯಾಮ್‌ಗೂ ಇದೇ ಮಾತು. ತಿಂಗಳಿಗೊಮ್ಮೆ ಹಳೆಯ ಒಂದು ತುಣುಕು ತೆರೆದು ನೋಡುವ ರೂಢಿ ಇರಲಿ.

ತಂದ ದಿನವೇ ಪರೀಕ್ಷೆ

ನಕಲಿ ಕಾರ್ಡಿನೊಳಗೆ 8 ಅಥವಾ 16 ಜಿಬಿ ಚಿಪ್ ಇಟ್ಟು, 512 ಜಿಬಿ ಎಂದು ಹೇಳುವಂತೆ ಮಾಡಿರುತ್ತಾರೆ. ಫೋನಿಗೆ ಹಾಕಿದರೆ 512 ಎಂದೇ ತೋರಿಸುತ್ತದೆ. ನಿಜವಾದ ಜಾಗ ಮುಗಿದ ಮೇಲೂ ಫೈಲ್‌ಗಳ ಹೆಸರು ಕಾಣುತ್ತಲೇ ಇರುತ್ತದೆ, ತೆರೆದರೆ ಒಳಗೆ ಏನೂ ಇಲ್ಲ. ಇದನ್ನು ಹಿಡಿಯುವ ನಂಬಿಕಸ್ತ ದಾರಿ, ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುವುದು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಖಾಲಿ ಕಾರ್ಡಿನ ಮೇಲೆ ನಡೆಸಿ. ಸೆಕೆಂಡಿಗೆ 30 ಮೆಗಾಬೈಟ್‌ನಂತೆ 64 ಜಿಬಿ ತುಂಬಲು 36 ನಿಮಿಷ ಬೇಕು, ಓದಲು ಇನ್ನಷ್ಟು. ಕರೆಂಟ್ ಇರುವ ಹೊತ್ತು ನೋಡಿಕೊಂಡು ಶುರು ಮಾಡಿ. ಕೊನೆಯಲ್ಲಿ ಬರೆಯುವ ವೇಗವನ್ನೂ ತೋರಿಸುತ್ತದೆ. ಹಳೆಯ ಯುಎಸ್‌ಬಿ 2 ರೀಡರ್‌ನಲ್ಲಿ ಪರೀಕ್ಷಿಸಿ ಕಾರ್ಡನ್ನು ಬೈಯಬೇಡಿ, ಆ ರೀಡರ್ 40 ದಾಟುವುದೇ ಕಷ್ಟ. 64 ಜಿಬಿ ಕಾರ್ಡನ್ನು ಕಂಪ್ಯೂಟರ್ 59.6 ಎಂದು ತೋರಿಸುವುದು ಮೋಸವಲ್ಲ, ಎಣಿಸುವ ಪದ್ಧತಿ ಬೇರೆ, ಅಷ್ಟೆ.

ಒಳ್ಳೆಯ ಕಾರ್ಡೂ ನಿಧಾನವಾಗುವುದೇಕೆ

ಒಂದೊಂದೇ ಫೋಟೊ ಆರಿಸಿ ಅಳಿಸುವ ಅಭ್ಯಾಸ ಇದಕ್ಕೆ ಮುಖ್ಯ ಕಾರಣ. ಫ್ಲ್ಯಾಶ್ ಮೆಮೊರಿಯಲ್ಲಿ ಚಿಕ್ಕ ಜಾಗವನ್ನಷ್ಟೇ ಅಳಿಸಲು ಬರುವುದಿಲ್ಲ, ದೊಡ್ಡ ಬ್ಲಾಕನ್ನೇ ಅಳಿಸಬೇಕು. ಅರ್ಧ ಖಾಲಿ, ಅರ್ಧ ತುಂಬಿದ ಬ್ಲಾಕುಗಳು ಹೆಚ್ಚಿದಷ್ಟೂ ಕಾರ್ಡ್ ಉಳಿದದ್ದನ್ನು ಬೇರೆಡೆ ಸಾಗಿಸಿ, ಅಳಿಸಿ, ಆಮೇಲೆ ಹೊಸದನ್ನು ಬರೆಯಬೇಕಾಗುತ್ತದೆ. ಫೋಟೊಗಳನ್ನು ಎರಡು ಕಡೆ ನಕಲು ಮಾಡಿಕೊಂಡ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಮಳೆಗಾಲದಲ್ಲಿ ಮುಳ್ಳಯ್ಯನಗಿರಿಯ ಮಂಜಿನೊಳಗೆ ನಿಂತು ಕಾರ್ಡ್ ಬದಲಿಸುವ ಸಾಹಸ ಬೇಡ; ಕಾರಿನೊಳಗೆ ಕೂತು, ಕೈ ಒರೆಸಿಕೊಂಡು ಬದಲಿಸಿ. ದೊಡ್ಡ ಗಾತ್ರದ ಎಸ್‌ಡಿ ಕಾರ್ಡ್ ಎರಡು ಪ್ಲಾಸ್ಟಿಕ್ ಹೋಳುಗಳ ಅಂಟು, ಅಂಚು ಬಿಟ್ಟುಕೊಂಡರೆ ಸ್ಲಾಟ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಲಾಕ್ ಗುಂಡಿ ಸಡಿಲವಾದರೆ ಒಳಗೆ ತಳ್ಳುವಾಗ ಕೆಳಗೆ ಜಾರುತ್ತದೆ, ಕ್ಯಾಮೆರಾ 'ಕಾರ್ಡ್ ಲಾಕ್ ಆಗಿದೆ' ಎನ್ನುತ್ತದೆ. ಇಂಥ ಕಾರ್ಡಿನಿಂದ ಫೈಲ್ ತೆಗೆದುಕೊಂಡು ಹೊರಗಿಡಿ.

ಕೈತಪ್ಪಿ ಫಾರ್ಮ್ಯಾಟ್ ಆಯಿತೇ? ಆ ಕ್ಷಣವೇ ಕಾರ್ಡ್ ಹೊರತೆಗೆಯಿರಿ, ಇನ್ನೊಂದೇ ಒಂದು ಫೋಟೊವನ್ನೂ ಹೊಡೆಯಬೇಡಿ. ಫಾರ್ಮ್ಯಾಟ್ ಸಾಮಾನ್ಯವಾಗಿ ಫೈಲ್‌ಗಳ ಪಟ್ಟಿಯನ್ನು ಅಳಿಸುತ್ತದೆ, ಫೋಟೊಗಳು ಒಳಗೇ ಇರುತ್ತವೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಅವನ್ನು ಹೆಕ್ಕಿ ತೆಗೆಯಬಲ್ಲದು. ತೆಗೆದದ್ದನ್ನು ಎಲ್ಲಿ ಉಳಿಸಲಿ ಎಂದು ಅದು ಕೇಳಿದಾಗ ಕಂಪ್ಯೂಟರಿನ ಡಿಸ್ಕ್ ತೋರಿಸಿ; ಅದೇ ಕಾರ್ಡ್ ತೋರಿಸಿದರೆ ಸಿಗಬೇಕಾದ ಫೋಟೊಗಳ ಮೇಲೆಯೇ ಸಿಕ್ಕ ಫೋಟೊಗಳು ಬರೆದುಕೊಳ್ಳುತ್ತವೆ.