ಡಾರ್ಕ್ ಕಾಮಿಡಿ: ಮಕ್ಕಳಿಗೆ ತೋರಿಸುವ ಮುನ್ನ
ಡಾರ್ಕ್ ಕಾಮಿಡಿ, ಅಂದರೆ ಸಾವು, ಅಪರಾಧದಂಥ ಗಂಭೀರ ವಿಷಯಗಳಲ್ಲೇ ನಗು ಹುಟ್ಟಿಸುವ ಸಿನಿಮಾ, ಹದಿಹರೆಯದ ಮಕ್ಕಳಿಗೆ ಸರಿಯೇ ಎಂದು ತಿಳಿಯಲು ಟ್ರೇಲರ್ ಬಿಡಿ, ಮೊದಲ ಸಾವಿನ ದೃಶ್ಯವನ್ನೂ ಅದರ ನಂತರದ ಐದು ನಿಮಿಷವನ್ನೂ ನೋಡಿ. ಹೆಣ ಮುಚ್ಚಿಡಲು ಪರದಾಡುವ ದುರಾಸೆಯವರನ್ನು ಕಂಡು ನಗು ಬಂದರೆ ಅಡ್ಡಿಯಿಲ್ಲ. ಸತ್ತವರು, ಅಳುವವರೇ ನಗೆಪಾಟಲಾದರೆ ಬೇಡ. ಸೆನ್ಸಾರ್ ಮಂಡಳಿ ಕೊಡುವ ಯುಎ 13+, ಯುಎ 16+ ಗುರುತುಗಳು ವಯಸ್ಸು ಹೇಳುತ್ತವೆಯೇ ಹೊರತು ನಗು ಯಾರ ಮೇಲೆ ಎಂಬುದನ್ನಲ್ಲ. ನಮ್ಮ ಕಲಬುರಗಿ, ಬೀದರ್ ಕಡೆ ಹಿಂದಿ, ತೆಲುಗಿನಲ್ಲೂ ಸಿನಿಮಾ ನೋಡುತ್ತೇವಲ್ಲ, ಮಕ್ಕಳು ನೋಡುವ ಭಾಷೆಯಲ್ಲೇ ಪರೀಕ್ಷಿಸಿ. ಡಬ್ಬಿಂಗ್‌ನಲ್ಲಿ ಬೈಗುಳದ ಖಾರ ಹೆಚ್ಚುಕಡಿಮೆಯಾಗುತ್ತದೆ. ಕೊನೆಯಲ್ಲಿ ದಿಢೀರನೆ ಕ್ರೂರವಾಗುವ ಚಿತ್ರಗಳಿಗೆ ಈ ಉಪಾಯ ನಡೆಯದು, ಚಿತ್ರಮಂದಿರದಲ್ಲಂತೂ ಸಾಧ್ಯವೇ ಇಲ್ಲ. ಮನೆಯಲ್ಲಿ ಇತ್ತೀಚೆಗೆ ಸಾವು ಸಂಭವಿಸಿದ್ದರೆ ಪರೀಕ್ಷೆಯ ಗೋಜಿಗೂ ಹೋಗದೆ ಬೇರೆ ಸಿನಿಮಾ ಹಾಕಿ.